ದಾರ ಕಟ್ಟಿದ ಕಡತಗಳು

"ಮೂವತ್ತು ವರ್ಷದ ಹಿಂದಿನ ಮಾತು. ಆಸ್ಪತ್ರೆಯ ದಾಖಲೆ ಕೋಣೇಲಿ ಮೂರು ತಿಂಗಳು ಧೂಳು ಕುಡೀತಾ ಕೂತೆ ನಾನು," ಎನ್ನುತ್ತ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ನಿವೃತ್ತ ಮುಖ್ಯಸ್ಥರು ಶವದ ಪಾದದ ಬಳಿ ಪುಷ್ಪಗುಚ್ಛವನ್ನಿಟ್ಟರು. "ಕಡತಗಳ ಜಾಡು ಹಿಡಿದು ನಕ್ಷೆ ಬರೆದೆ. ಆ ಕಂಪ್ಯೂಟರ್ ವ್ಯವಸ್ಥೆ ಇವತ್ತಿಗೂ ಜೀವ ಉಳಿಸ್ತಿದೆ. ಇವನೂ ಜೊತೆಗಿದ್ದ, ಪಾಪ. ಹೇಳಿದ್ದನ್ನ ಅಚ್ಚುಕಟ್ಟಾಗಿ ಮಾಡೋನು."

ನೆರೆದವರು ತಲೆದೂಗಿದರು. ಗೋಡೆಗೊರಗಿ ಕೂತಿದ್ದ ಮುದುಕಿಯೊಬ್ಬಳು ಮಾತ್ರ ತಲೆಯೆತ್ತಲಿಲ್ಲ. ಆ ದಾಖಲೆ ಕೋಣೆಯನ್ನು ಇಪ್ಪತ್ತಾರು ವರ್ಷ ಕಾದವಳು ಆಕೆ. ಎಲ್ಲರ ಬಾಯಲ್ಲೂ ದಾಖಲೆಯಮ್ಮ.

"ಅಪ್ಪ ಮನೇಲಿ ಕೆಲಸದ ವಿಷಯ ಎತ್ತಿದ್ದೇ ಇಲ್ಲ," ಅವಳ ಪಕ್ಕದಲ್ಲಿದ್ದ, ತೀರಿಕೊಂಡವನ ಮಗಳು ಪಿಸುಗುಟ್ಟಿದಳು. "ಕೇಳಿದ್ರೆ, 'ಬೇರೆಯವರು ಹೇಳಿದ್ದು ಬರ್ಕೊಳ್ಳೋ ಕೆಲಸ ಕಣೇ' ಅಂತಿದ್ರು. ಪೆನ್ಸಿಲ್ ಇಲ್ದೆ ಹೊರಗೆ ಕಾಲಿಡ್ತಿರ್ಲಿಲ್ಲ. ಅದಕ್ಕೇ ಇವತ್ತೂ ಅಪ್ಪನ ಜೇಬಿಗಿಟ್ಟಿದೀನಿ."

"ಅದೇನೋ ಕೆಂಪು ದಾರದ ಕತೆ ಇತ್ತಲ್ಲ ಸಾರ್?" ಯಾರೋ ನೆನಪಿಸಿದರು.

"ಓ, ಅದಾ! ತುರ್ತು ಕಡತಗಳಿಗೆ ಕೆಂಪು ದಾರ ಕಟ್ತಿದ್ರು. ನನ್ನ ಕಣ್ಣಿಗೆ ಥಟ್ಟನೆ ಬಿತ್ತು."

ತುರ್ತು ಕಡತ! ದಾಖಲೆಯಮ್ಮನ ಬೆರಳುಗಳು ಕರವಸ್ತ್ರದ ಅಂಚನ್ನು ಹಿಂಡಿದವು. ಮೂವತ್ತು ವರ್ಷ ಈ ಕತೆಯನ್ನು ಹೇಳಿಕೊಂಡು ಮೆರೆದ ಮನುಷ್ಯ, ಆ ದಾರ ಯಾತಕ್ಕೆಂದು ಒಮ್ಮೆಯೂ ಕೇಳಿರಲಿಲ್ಲ.

*

ಮೂವತ್ತು ವರ್ಷದ ಹಿಂದೆ, ಮುಖ್ಯಸ್ಥರು ಕಳಿಸಿದ್ದಕ್ಕೆ ಕಿವಿಯ ಸಂದಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ದಾಖಲೆ ಕೋಣೆಗೆ ಬಂದ ಆ ತರುಣ ಮೊದಲ ವಾರ ತಾನಾಗಿ ಏನನ್ನೂ ಕೇಳಿರಲಿಲ್ಲ. ಸ್ಟೂಲಿನ ಮೇಲೆ ಕೂತು, ಕಡತ ಎಲ್ಲಿಂದ ಬಂತು, ಯಾರ ಕೈ ಸೇರಿತು ಎಂದು ಬಾಣದ ಗುರುತು ಹಾಕುತ್ತಿದ್ದ.

"ಏನಪ್ಪಾ ಪೆನ್ಸಿಲ್, ನನ್ನ ಕೆಮ್ಮನ್ನೂ ಬರ್ಕೊಂಡ್ಯಾ?" ದಾಖಲೆಯಮ್ಮ ಕೆಣಕಿದಳು.

"ಎರಡು ಸಲ ಕೆಮ್ಮಿದ್ರಿ ಅಕ್ಕ. ಎರಡೂ ಸಲ ಮೇಲಿನ ಕಪಾಟು ತೆಗೆದಾಗಲೇ."

ಎಂಟನೆಯ ದಿನ ಅವನು ಕೇಳಿದ: "ಕೆಲವಕ್ಕೆ ಮಾತ್ರ ಕೆಂಪು ದಾರ ಯಾಕಕ್ಕಾ? ನಿಯಮದ ಪುಸ್ತಕದಲ್ಲಿ ಇಲ್ವಲ್ಲ?"

"ಔಷಧಿ ಮೈಗೆ ಒಗ್ಗದೆ ಸಾವಿನ ಬಾಯಿಗೆ ಹೋಗಿ ಬಂದೋರ ಕಡತ ಅವು. ಡಾಕ್ಟರ ಕಣ್ಣಿಗೆ ಬೀಳ್ಲಿ ಅಂತ ನಾನೇ ಕಟ್ತೀನಿ. ಇಲ್ಲೀತನಕ ಯಾರೂ ಕೇಳಿರ್ಲಿಲ್ಲ."

ಅವನು ಅದುವರೆಗೆ ತಾನು ಬರೆದಿದ್ದ ನಕ್ಷೆಗಳನ್ನೆಲ್ಲ ಹರಿದುಹಾಕಿದ. ದಾರದ ಬದಲು ಪರದೆಯ ಮೇಲೆ ಮೂಡುವ ಎಚ್ಚರಿಕೆಯನ್ನು ವೈದ್ಯರು ಓದಿ ಒಪ್ಪಿದ ಹೊರತು ಔಷಧಿ ಚೀಟಿ ಮುದ್ರಣವಾಗದಂತೆ ಎಲ್ಲವನ್ನೂ ಮೊದಲಿನಿಂದ ರಚಿಸಿದ. "ಒಂದು ದಾರಕ್ಕೋಸ್ಕರ ಎರಡು ತಿಂಗಳು ತಡವಾ?" ಎಂದು ಮುಖ್ಯಸ್ಥರು ಹಾರಾಡಿದರು, ಅವನು ಜಗ್ಗಲಿಲ್ಲ.

ವ್ಯವಸ್ಥೆ ಆರಂಭವಾದ ದಿನ ಆಡಳಿತ ಮಂಡಳಿಯವರು ಅವಳನ್ನು ಕರೆದು, "ಈ ದಾರದ ವಿಷಯ ಪತ್ತೆಹಚ್ಚಿದ್ದು ಯಾರಮ್ಮಾ?" ಎಂದರು. ಕಂಪ್ಯೂಟರ್ ಬಂದ ಮೇಲೆ ದಾಖಲೆ ಕೋಣೆಯಲ್ಲಿ ಯಾರು ಉಳಿಯಬೇಕೆಂಬುದು ತಮ್ಮ ಕೈಯಲ್ಲಿದೆಯೆಂದು ಮುಖ್ಯಸ್ಥರು ಹಿಂದಿನ ದಿನವಷ್ಟೇ ಅವಳಿಗೆ ತಿಳಿಸಿದ್ದರು.

"ಮುಖ್ಯಸ್ಥ ಸಾಹೇಬ್ರು," ಎಂದಳು. "ಅವರೇ ಕೂತು ನೋಡಿದ್ರು."

ಬಾಗಿಲಲ್ಲಿ ನಿಂತಿದ್ದ ತರುಣ ಕಿವಿಯಿಂದ ಪೆನ್ಸಿಲ್ ತೆಗೆದು ಜೇಬಿಗಿಟ್ಟ. ಆ ಸ್ಟೂಲಿನ ಮೇಲೆ ಮತ್ತೆಂದೂ ಕೂರಲಿಲ್ಲ. ಅವಳನ್ನು ಅಕ್ಕ ಎಂದು ಕರೆಯಲೂ ಇಲ್ಲ.

*

"ಹೊತ್ತಾಯ್ತು, ಎತ್ತೋಣ," ಎಂದಿತು ಒಂದು ದನಿ.

ದಾಖಲೆಯಮ್ಮ ಮಗಳ ಮಣಿಕಟ್ಟನ್ನು ಹಿಡಿದುಕೊಂಡಳು. ಕಿವಿಯ ಬಳಿ ಬಾಗಿ, ಸ್ಟೂಲಿನಿಂದ ಹಿಡಿದು ತಾನಾಡಿದ ಆ ಒಂದು ಸುಳ್ಳಿನವರೆಗೆ ಎಲ್ಲವನ್ನೂ ಹೇಳಿದಳು. "ಕದ್ದೋರು ಆ ಸಾಹೇಬ್ರು. ಬಾಗಿಲು ತೆಗೆದುಕೊಟ್ಟೋಳು ನಾನು."

ಮಗಳು ಕೈ ಬಿಡಿಸಿಕೊಂಡಳು.

"ಅಪ್ಪ ನಿಮ್ಮನ್ನ ಅಕ್ಕ ಅಂತಿದ್ರಾ?"

"ಆ ದಿನದವರೆಗೂ."

ಮಗಳು ಎದ್ದು ಶವದ ಬಳಿ ಹೋದಳು. ಎತ್ತಲು ಬಾಗಿದ್ದವರನ್ನು ಕೈ ಅಡ್ಡ ಹಿಡಿದು ತಡೆದಳು. ತಂದೆಯ ಜೇಬಿನಿಂದ ಪೆನ್ಸಿಲ್ ತೆಗೆದು, ಕಿವಿಯ ಸಂದಿಯಲ್ಲಿ ಮೆಲ್ಲಗೆ ಸಿಕ್ಕಿಸಿದಳು. ಕೈಗಡಿಯಾರ ನೋಡಿಕೊಳ್ಳುತ್ತಿದ್ದ ಮುಖ್ಯಸ್ಥರು ಹಾಗೆಯೇ ನಿಂತುಬಿಟ್ಟರು.

"ಅತ್ತೆ," ಎಂದಳು ಮಗಳು, ಹಿಂತಿರುಗದೆ. "ಇನ್ನೊಂದ್ಸಲ ಹೇಳಿ. ಮೊದಲಿಂದ. ಎಲ್ಲರಿಗೂ ಕೇಳ್ಲಿ."