ಸೋರ್ಲಿಗೆ ಹೆಗಲು ಕೊಟ್ಟವರು

ಮರ್ಸಲಿ ಗಂಡನ ಎಡಹೆಗಲಿಗೆ ಮೂರನೆಯ ಸುತ್ತು ಬಟ್ಟೆ ಬಿಗಿದಳು. ಪಾಚಿ ತುಂಬಿ ಕಟ್ಟಿದ್ದರೂ ಗಾಯ ಜಿನುಗುತ್ತಲೇ ಇತ್ತು.

"ಇನ್ನೂ ಬಿಗಿ," ಎಂದ ಲಾಖ್ಲನ್.

"ಉಸಿರಾಡೋಕಾಗಲ್ಲ."

"ಆಮೇಲೆ ಆಡ್ತೀನಿ ಬಿಡು."

ಅಂಗಳದಲ್ಲಿ ಅವನ ಅಪ್ಪ ಸೋರ್ಲಿಯ ಶವಪೆಟ್ಟಿಗೆ ಕಾದಿತ್ತು. ಗೋಡೆಯಾಚೆ ಇಂಗ್ಲಿಷ್ ದೊರೆಯ ಆರು ಜನ ಕೆಂಪುಕೋಟಿನ ಸಿಪಾಯಿಗಳಿದ್ದರು. ಬೆಳಗ್ಗೆಯೇ ಅವರ ಸಾರ್ಜೆಂಟ್ ಮುರುಕು ಮಾತಿನಲ್ಲಿ ಹೇಳಿದ್ದ: "ಹೂಳಿ. ಆದ್ರೆ ಗಟ್ಟಿಮುಟ್ಟಾದ ಗಂಡಸರೆಲ್ಲ ಹೊರಬೇಕು. ನನ್ನ ಕಣ್ಣೆದುರಿಗೆ, ಎಡಹೆಗಲಲ್ಲಿ."

ಹೊಳೆ ದಾಟುವ ಕಡೆ ನಡೆದ ಗುಂಡಿನ ಕಾಳಗದಲ್ಲಿ ತಪ್ಪಿಸಿಕೊಂಡವನ ಎಡಹೆಗಲಿಗೆ ಗುಂಡು ಬಿದ್ದದ್ದು ಅವರಿಗೆ ಗೊತ್ತಿತ್ತು. ಯಾರೆಂದು ಗೊತ್ತಿರಲಿಲ್ಲ. ಗೊತ್ತಾದರೆ ನೇಣು.

ನೆರೆಮನೆಯ ಎತ್ತರದ ಫಾರ್ಕರ್ ಬಾಗಿಲಲ್ಲಿ ಇಣುಕಿದ. "ಮದುಮಗನ ಸಿಂಗಾರ ಮುಗೀತೇನೋ? ನಾನು ನಿನ್ನ ಹಿಂದೇನೇ ಇರ್ತೀನಿ. ನಿಮ್ಮಪ್ಪನ ಮೈಯಲ್ಲಿ ಏನಿತ್ತು, ಓಟ್ಸ್ ಗಂಜಿ ತಾನೆ!"

ಅವನ ಕಣ್ಣು ನಗಲಿಲ್ಲ.

*

ಮೂರು ದಿನದ ಹಿಂದೆ ಸಿಪಾಯಿಗಳು ಕಣಿವೆಯ ದನಗಳನ್ನು ಹೊಳೆ ದಾಟಿಸಿ ಹೊಡೆದುಕೊಂಡು ಹೊರಟಿದ್ದರು. ಸ್ಕಾಟ್ಲೆಂಡಿನ ರಾಜಕುಮಾರನ ಪರ ದಂಗೆಯೆದ್ದು ಸೋತು ಬಂದಿದ್ದ ಕಣಿವೆಯ ಎಂಟು ಜನ ಪೊದೆಯೊಳಗಿಂದ ಗುಂಡು ಹಾರಿಸಿದರು. ಒಂದು ಗಡಿಗೆ ಗಂಜಿ ಕುದಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಬ್ಬ ಸಿಪಾಯಿ ಸತ್ತ. ದಂಗೆಯವರು ಚೆದುರಿದರು. ಲಾಖ್ಲನ್ ಹೆಗಲಿಗೆ ಗುಂಡು ತಗುಲಿ ಕಲ್ಲುಗಳ ಸಂದಿಯಲ್ಲಿ ಬಿದ್ದಿದ್ದ.

ಹುಡುಕಿ ಬಂದವನು ಎಪ್ಪತ್ತರ ಸೋರ್ಲಿ. ನಲವತ್ತು ವರ್ಷ ಕಣಿವೆಯ ಒಂದೊಂದು ಹೆಣಕ್ಕೂ ಹೆಗಲು ಕೊಟ್ಟವನು. ಮಗನನ್ನು ಬೆನ್ನಿಗೇರಿಸಿ ಗುಡ್ಡ ಹತ್ತಿದ.

"ಇಳಿಸಪ್ಪಾ, ಅವ್ರು ಬಂದ್ಬಿಡ್ತಾರೆ."

"ಸುಮ್ನಿರೋ. ಹೆಣಗಳೂ ನಿನ್ನಷ್ಟು ಕಾಟ ಕೊಟ್ಟಿಲ್ಲ."

ಮಗನನ್ನು ಹಾಸಿಗೆಗೆ ಇಳಿಸಿ ಒಲೆಯ ಬಳಿ ಕುಳಿತು ನೀರು ಕೇಳಿದ. ಮರ್ಸಲಿ ನೀರು ತರುವಷ್ಟರಲ್ಲಿ ಅವನ ಕತ್ತು ವಾಲಿತ್ತು.

*

ಪೆಟ್ಟಿಗೆ ಎದ್ದಿತು. ಎಂಟು ಜನ ಹೊತ್ತರು. ಹಿಂದೆ ಹೆಂಗಸರು ಹಾಡಿ ಅಳುತ್ತ ನಡೆದರು. ಅವರ ಬೆನ್ನಿಗೆ ಸಿಪಾಯಿಗಳು. ಮರ್ಸಲಿಗೆ ಗಂಡನ ಹೆಗಲಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಅಂಗಿಯ ಮೇಲೆ ಎಲ್ಲಿ ಕೆಂಪು ಮೂಡುವುದೋ!

ಆಗ ಕಂಡಿತು. ಪೆಟ್ಟಿಗೆಯ ಕೆಳಗಿನ ಗಳುವಿಗೂ ಅವನ ಹೆಗಲಿಗೂ ನಡುವೆ ಬೆರಳಗಲ ಬೆಳಕು. ಹಿಂದಿನ ಫಾರ್ಕರ್‌ನ ಕತ್ತಿನ ನರಗಳು ಉಬ್ಬಿದ್ದವು. ಏಳು ಜನ ಎಂಟನೆಯವನ ಭಾರವನ್ನು ಹಂಚಿಕೊಂಡಿದ್ದರು.

ಅವಳಿಗೆ ಉಸಿರು ಬಂತು, ಮರುಕ್ಷಣವೇ ನಿಂತಿತು. ತನಗೆ ಕಂಡದ್ದು ಸಿಪಾಯಿಗಳಿಗೂ ಕಾಣುತ್ತದಲ್ಲ!

ಎದುರಿಗೆ ಹಳ್ಳ ಬಂತು. ಅಲ್ಲಿಂದಾಚೆ ಹೆಣದ ಜೊತೆ ಗಂಡಸರಷ್ಟೇ ಹೋಗುವುದು. ಅಜ್ಜಿಯರ ಕಾಲದಿಂದ ಯಾವ ಹೆಂಗಸೂ ದಾಟಿದ್ದಿಲ್ಲ. ಪೆಟ್ಟಿಗೆ ನೀರಿಗಿಳಿಯಿತು. ಹೆಂಗಸರು ದಡದಲ್ಲಿ ನಿಂತರು. ಹಾಡು ನಿಂತಿತು. ಸಾರ್ಜೆಂಟ್ ಅವರನ್ನು ಸರಿಸಿಕೊಂಡು ಮುಂದೆ ಬಂದ.

"ಅತ್ತೆ..." ಎಂದಳು ಮರ್ಸಲಿ. ಕಣ್ಣನ್ನು ಗಂಡನ ಹೆಗಲಿನತ್ತ ಹೊರಳಿಸಿದಳು.

ಸೋರ್ಲಿಯ ಹೆಂಡತಿ ಓಯ್‌ರಿಗ್ ಸೊಸೆಯ ಮುಖ ನೋಡಿದಳು, ಮಗನ ಹೆಗಲು ನೋಡಿದಳು. ನೀರಿಗೆ ಕಾಲಿಟ್ಟಳು.

ಫಾರ್ಕರ್‌ನ ತಾಯಿ ಅವಳ ತೋಳು ಹಿಡಿದಳು. "ಬೇಡ ಕಣೇ, ಪಾಪ ಸುತ್ಕೊಳ್ಳತ್ತೆ!"

"ಸುತ್ಕೊಳ್ಳಲಿ ಬಿಡು. ಚಳಿ ಇದೆ."

ಮುದುಕಿ ನಡುನೀರಿನಲ್ಲಿ ಮತ್ತೆ ಹಾಡು ಎತ್ತಿದಳು. ಮರ್ಸಲಿ ಇಳಿದಳು. ಶಪಿಸಿಕೊಳ್ಳುತ್ತಲೇ ಫಾರ್ಕರ್‌ನ ತಾಯಿಯೂ ಇಳಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಸಾರ್ಜೆಂಟನನ್ನು ಹಾದು, ಹೊತ್ತವರ ಬೆನ್ನಿಗೆ ಒತ್ತಿಕೊಂಡರು.

ಸಾರ್ಜೆಂಟ್ ಹಳ್ಳದ ಕಲ್ಲೊಂದರ ಮೇಲೆ ಹಿಮ್ಮಡಿ ಎತ್ತಿ ಕತ್ತು ಚಾಚಿದ. ಕಂಡದ್ದು ನೀರು ಸುರಿಯುವ ಲಂಗಗಳು, ಅಗಲವಾಗಿ ಎತ್ತಿ ಹರಡಿದ ಶಾಲುಗಳು. ಅವುಗಳ ಮೇಲೆ ಪೆಟ್ಟಿಗೆಯೊಂದೇ, ಯಾರೂ ಹೊರದೆ ತಾನೇ ತೇಲಿದಂತೆ, ಮೆಲ್ಲಗೆ ಗುಡ್ಡ ಹತ್ತುತ್ತಿತ್ತು.