ಮೂರನೆಯ ಗೀರು

ಹನ್ನೊಂದನೆಯ ಸಲ ಮತ್ತೆ ಮುದುಕನೇ ಹಾಡಿದ.

ಕೇಳುತ್ತ ಕುಳಿತಿದ್ದವನು ರೆಕಾರ್ಡಿನ ಮೇಲಿಂದ ಮುಳ್ಳನ್ನು ಎತ್ತಿ ಪಕ್ಕಕ್ಕಿಟ್ಟ. ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು, ಮುಂದಿದ್ದ ಹಾಳೆಯ ಮೊದಲ ಕಾಲಮ್ಮಿನಲ್ಲಿ ಇನ್ನೊಂದು ಗೀಟು ಎಳೆದ. ಮುದುಕ ಏಳು ಸಲ, ಹುಡುಗಿ ನಾಲ್ಕು ಸಲ. ಮೂರನೆಯ ಕಾಲಮ್ಮು ಖಾಲಿ.

ರೆಕಾರ್ಡಿನ ಒಂದೇ ಮುಖದಲ್ಲಿ ಮೂರು ಹಾಡುಗಳಿದ್ದವು. ಒಂದಾದ ಮೇಲೆ ಒಂದಲ್ಲ, ಒಂದರ ಪಕ್ಕಕ್ಕೆ ಒಂದು. ಹೊರಗಿನ ಅಂಚಿನಿಂದ ನಡುವಿನ ತೂತಿನವರೆಗೆ ಮೂರು ಗೀರುಗಳು ಜೊತೆಜೊತೆಯಾಗಿ ಸುತ್ತಿ ಬರುತ್ತಿದ್ದವು, ಎಲ್ಲೂ ಒಂದನ್ನೊಂದು ಮುಟ್ಟದೆ. ಮುಳ್ಳು ಯಾವ ಗೀರಿಗೆ ಬಿತ್ತೋ ಆ ಹಾಡು. ಉಳಿದ ಎರಡು ಕೂದಲೆಳೆಯ ಆಚೆ ಸುಮ್ಮನೆ ಸುತ್ತುತ್ತಿರುತ್ತವೆ. ಸಂಗೀತ ಕಟ್ಟಿದ ಹೆಂಗಸಿನ ಬೇಡಿಕೆಯೇ ಅದು. ಹಾಡುವವರು ಹೆಸರಾದವರಾಗಿರಬಾರದು, ಕೇಳುವವರಿಗೆ ಯಾವುದು ಬರುತ್ತದೆಂದು ಗೊತ್ತಿರಬಾರದು. ರೆಕಾರ್ಡಿನ ರಟ್ಟಿನ ಹೊದಿಕೆಯ ಮೇಲೂ ಹೆಸರಿಲ್ಲ, ‘ಮೂರು ದನಿ’ ಅಂತ ಮಾತ್ರ.

ಅಚ್ಚಿಗೆ ಹೋಗುವ ಮೊದಲು ಮಾದರಿ ತಟ್ಟೆಯನ್ನು ಪೂರ್ತಿ ಕೇಳಿ ‘ಸರಿ ಇದೆ’ ಎಂದು ಸಹಿ ಹಾಕುವುದು ಅವನ ಕೆಲಸ. ಕರಕರ, ಸೀಟಿ, ಓಲಾಟ, ಜಿಗಿತ ಎಂದು ದೋಷಗಳ ಪಟ್ಟಿ ಇತ್ತು. ಇದ್ದರೆ ಗುರುತು, ಇಲ್ಲದಿದ್ದರೆ ಅಡ್ಡಗೆರೆ. ಹದಿನಾರು ವರ್ಷಗಳಲ್ಲಿ ಅವನು ಸಹಿ ಹಾಕಿದ ಒಂದು ತಟ್ಟೆಯೂ ವಾಪಸು ಬಂದಿರಲಿಲ್ಲ. ಹನ್ನೊಂದು ಸಲ ಇಟ್ಟರೂ ಮೂರನೆಯದು ಸಿಗದಿರುವುದು ನೂರಕ್ಕೊಂದು ಸಲ ಆಗಬಹುದಾದದ್ದು ಎಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಸಮಾಧಾನವೇನೂ ಆಗಲಿಲ್ಲ.

ಅಷ್ಟರಲ್ಲಿ ಪ್ಯಾಕಿಂಗ್ ಅಕ್ಕ ಟೀ ತಂದಳು. ಹೊದಿಕೆಗಳನ್ನು ಮಡಚಿ ಮಡಚಿ ಅವಳ ಹೆಬ್ಬೆರಳುಗಳಿಗೆ ಹೊಳಪು ಬಂದಿತ್ತು.

“ಡಾಕ್ಟ್ರೇ, ಆ ಮೂರನೇದು ಕೇಳಿದ್ರಾ?”

ಅವನನ್ನು ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಶಬ್ದ ಎಷ್ಟು ಕ್ಷೀಣವಾದರೆ ಮನುಷ್ಯನಿಗೆ ಕೇಳುವುದು ನಿಂತುಹೋಗುತ್ತದೆ ಎಂಬುದರ ಮೇಲೆ ನಾನೂರು ಪುಟ ಬರೆದು ಪಡೆದ ಪದವಿ. ಎದುರುಮನೆಯ ಅಜ್ಜಿ ಒಮ್ಮೆ ಕೆಮ್ಮಿಗೆ ಔಷಧಿ ಕೇಳಿಕೊಂಡು ಬಂದದ್ದು ಬಿಟ್ಟರೆ ಅದರಿಂದ ಬೇರೇನೂ ಆಗಿರಲಿಲ್ಲ.

“ಕೇಳ್ತಾ ಇದೀನಿ,” ಎಂದ.

“ನಾನು ಒಳಗಿನ ಹಳೇ ಗ್ರಾಮಫೋನ್ ಪೆಟ್ಟಿಗೆ ಮೇಲೆ ಇನ್ನೊಂದು ತಟ್ಟೆ ಹಾಕಿದ್ದೆ. ಮೊದಲನೇ ಸಲಕ್ಕೇ ಅದೇ ಬಂತು ನೋಡಿ. ಮಾತೇ ಇಲ್ಲ ಅದರಲ್ಲಿ, ಬರೀ ದನಿ. ಕೈಲಿದ್ದ ಕೆಲಸ ಬಿಟ್ಟು ಕೇಳಿದೆ ನಾನು. ಮನೇಲಿ ಯಾರೋ ಕೂತು ತಮ್ಮಷ್ಟಕ್ಕೆ ತಾವು ಹಾಡ್ಕೋತಾರಲ್ಲ, ಹಂಗೆ.”

“ಹೂಂ.”

“ನಿಮ್ಮ ಭಾವ ಬಿಡಿ, ಅವರ ಕೈಗೆ ಬಂಗಾರದ ಕಡಗ ತೊಡಿಸ್ಬೇಕು,” ಎಂದು ನಕ್ಕು ಹೋದಳು.

ಭಾವ, ಅವನ ಹೆಂಡತಿಯ ಅಣ್ಣ, ಹಿಂದಿನ ಕೋಣೆಯಲ್ಲಿ ಗೀರು ಕೊರೆಯುವ ಯಂತ್ರದ ಮುಂದೆ ಕುಳಿತಿದ್ದರು. ಬಣ್ಣ ಬಳಿಯುವ ತೆಳ್ಳನೆಯ ಕುಂಚದಿಂದ ಮಾಣಿಕ್ಯದ ಉಳಿಯನ್ನು ಒರೆಸುತ್ತಿದ್ದರು. ಸಾಸಿವೆಗಿಂತ ಚಿಕ್ಕ ಉಳಿ. ಅದು ಮೆರುಗೆಣ್ಣೆ ಬಳಿದ ಖಾಲಿ ತಟ್ಟೆಯ ಮೇಲೆ ಹಾಡನ್ನು ಕೊರೆಯುವಾಗ ಕಪ್ಪು ದಾರವೊಂದು ಎದ್ದು ಬರುತ್ತದೆ. ಪಕ್ಕದ ಕೊಳವೆ ಅದನ್ನು ಹೀರಿಕೊಳ್ಳುತ್ತದೆ. ಆ ದಾರದ ಹೊಳಪು ನೋಡಿಯೇ ಉಳಿ ಎಷ್ಟು ಕಾದಿದೆ, ಎಷ್ಟು ಆಳಕ್ಕೆ ಇಳಿದಿದೆ ಎಂದು ಭಾವ ಹೇಳುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರು ಹೇಳಿದ್ದನ್ನು ಅವನು ಆಮೇಲೆ ಸೂಕ್ಷ್ಮದರ್ಶಕದಲ್ಲಿ ಅಳೆದು ನೋಡುತ್ತಿದ್ದ. ಒಂದು ಸಲವೂ ತಪ್ಪಿದ್ದಿಲ್ಲ. ಮೊದಮೊದಲು ಅದು ಅವನಿಗೆ ಸ್ವಲ್ಪ ಕಿರಿಕಿರಿಯಾಗುತ್ತಿತ್ತು. ಈಚೆಗೆ ಕಿರಿಕಿರಿಯೂ ಹೋಗಿ, ನೋಡುತ್ತ ನಿಂತುಬಿಡುತ್ತಿದ್ದ.

ಈ ಒಂದು ತಟ್ಟೆಗೆ ಮೂರು ವರ್ಷ ಹಿಡಿದಿತ್ತು. ಮೂರನೆಯ ಗೀರು ಕೊರೆಯುವಾಗ ಉಳಿ ಎಳೆಯಷ್ಟು ಆಚೀಚೆಯಾದರೆ ಮೊದಲ ಎರಡೂ ಹಾಳು. ಹಾಗೆ ನಲವತ್ತು ತಟ್ಟೆಗಳು ಹಾಳಾದವು. ಬೀದಿಯಲ್ಲಿ ಲಾರಿ ಹೋದರೂ ಗೋಡೆ ಅದುರುತ್ತದೆಂದು ಭಾನುವಾರ ಬೆಳಗಿನ ಹೊತ್ತು ಹಿಡಿದರು. ಫ್ಯಾನು ನಿಲ್ಲಿಸಿ, ಚಪ್ಪಲಿ ಬಿಡಿಸಿ, ಪ್ಯಾಕಿಂಗ್ ಅಕ್ಕನನ್ನು ಕುರ್ಚಿಯಿಂದ ಏಳಬೇಡ ಎಂದು ಕೂರಿಸಿದರು. ಆರು ನಿಮಿಷ. ಅವನೂ ಅಲ್ಲಿದ್ದ; ಹಾಡು ಮಾತ್ರ ಭಾವನ ಹೆಡ್‌ಫೋನಿನೊಳಗೇ ಇತ್ತು. ಕೊನೆಯ ಸುತ್ತು ಮುಗಿಸಿ ಉಳಿ ಎತ್ತಿದಾಗ ಭಾವನ ಅಂಗಿ ಬೆನ್ನಿಗೆ ಅಂಟಿತ್ತು. ಇಷ್ಟು ಕರಾರುವಾಕ್ಕಾಗಿ ಹೇಗೆ ಎಂದು ಅವನು ಕೇಳಿದ್ದ. “ಮೊದಲನೇದು ಕೊರೆಯುವಾಗಲೇ ಇನ್ನೂ ಬರದೇ ಇರೋರಿಗೆ ಜಾಗ ಬಿಟ್ಟಿರ್ಬೇಕು, ಅಷ್ಟೇ,” ಎಂದಿದ್ದರು, ಬಸ್ಸಿನಲ್ಲಿ ಸೀಟು ಹಿಡಿದ ಸಂಗತಿ ಹೇಳುವವರ ಹಾಗೆ.

“ಭಾವ, ಮೂರನೇದು ಸಿಗ್ತಾ ಇಲ್ಲ.”

“ಸಿಗದೆ ಎಲ್ಲಿ ಹೋಗುತ್ತೆ? ಅಲ್ಲೇ ಇದೆ.”

“ಹನ್ನೊಂದು ಸಲ ಇಟ್ಟೆ.”

“ನಾನು ಮೂರು ವರ್ಷ ಇಟ್ಟೆ, ಡಾಕ್ಟ್ರೇ.”

ಅವನು ನಗಲು ನೋಡಿದ. “ಅಕ್ಕ ತುಂಬ ಹೊಗಳಿದ್ಲು. ಯಾರು ಹಾಡಿರೋದು?”

ಭಾವ ಕಣ್ಣಿಗೆ ಕಟ್ಟಿಕೊಂಡಿದ್ದ ಭೂತಗನ್ನಡಿಯನ್ನು ಹಣೆಗೆ ಏರಿಸಿ ಅವನನ್ನು ನೋಡಿದರು.

“ತಮಾಷೆ ಮಾಡ್ತಿದೀರಾ?”

“ಇಲ್ಲ, ಯಾಕೆ?”

“ನನ್ನ ತಂಗಿ.”

ಭಾವನಿಗೆ ಇರುವುದು ಒಬ್ಬಳೇ ತಂಗಿ. ಆ ತಂಗಿ ಎಂದರೆ ತನ್ನ ಹೆಂಡತಿ ಎಂದು ಹೊಂದಿಸಿಕೊಳ್ಳಲು ಅವನಿಗೆ ಒಂದು ಕ್ಷಣ ಬೇಕಾಯಿತು.

“ಹೌದಲ್ಲ,” ಎಂದ. “ಹೇಳಿದ್ಲು. ಮರೆತಿದ್ದೆ.”

ಭಾವ ಕುಂಚವನ್ನು ಡಬ್ಬಿಯಲ್ಲಿಟ್ಟರು. ಸುಳ್ಳನ್ನು ಅವರು ಕಂಡುಹಿಡಿದರು, ಆದರೆ ಎತ್ತಿ ತೋರಿಸಲಿಲ್ಲ.

“ನೀವು ಕೇಳಿರಲ್ಲ, ಅವಳು ಹೇಳಿರಲ್ಲ. ಶುಕ್ರವಾರ ಶುಕ್ರವಾರ ಹೋಗ್ತಾಳಲ್ಲ, ಲೈಬ್ರರಿ ಹಿಂದಿನ ಹಾಲ್‌ಗೆ, ಆರು ವರ್ಷದಿಂದ. ಮೂವತ್ತು ಜನ ಸೇರಿ ಹಾಡ್ತಾರೆ. ಸಂಗೀತ ಕಟ್ಟಿದೋರು ಅಲ್ಲೇ ಅವಳ ದನಿ ಕೇಳಿ ಇವಳೇ ಬೇಕು ಅಂದ್ರು. ಕೊಡಿ ಇಲ್ಲಿ ತಟ್ಟೆನ.”

ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅಂಚಿನಲ್ಲಿ ಕಣ್ಣಾಡಿಸಿ, ಬಳಪದಿಂದ ಒಂದು ಚುಕ್ಕೆ ಇಟ್ಟರು. “ತಿರುಗಿಸದೆ, ನಿಂತ ತಟ್ಟೆ ಮೇಲೆ ಮುಳ್ಳನ್ನ ಇಲ್ಲಿ ಇಳಿಸಿ. ಆಮೇಲೆ ಸ್ವಿಚ್ ಹಾಕಿ. ಅವಳೇ ಬರ್ತಾಳೆ.”

ಕೇಳುವುದು ಅವನ ಕಸುಬು. ‘ನೀವು ಕೇಳಿರಲ್ಲ’ ಎಂಬ ಮಾತನ್ನು ಭಾವ ಯಾವ ಅರ್ಥದಲ್ಲಿ ಆಡಿದರು ಎಂದು ಅವನು ಕೇಳಲಿಲ್ಲ.

ಶುಕ್ರವಾರಗಳು ನಿಜ. ‘ಲೈಬ್ರರಿ ಕಡೆ ಹೋಗಿಬರ್ತೀನಿ’ ಎನ್ನುತ್ತಿದ್ದಳು. ಪುಸ್ತಕ ತಂದದ್ದನ್ನು ಅವನು ಕಂಡಿರಲಿಲ್ಲ. ಪುಸ್ತಕ ಎಲ್ಲಿ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ ಎಂಬುದೇ ಅವನಿಗೆ ಹೆಚ್ಚು ಚುಚ್ಚಿತು. ಸುಳ್ಳಾಗಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಮಧ್ಯಾಹ್ನ ಮನೆಗೆ ಫೋನು ಮಾಡಿದ.

“ಏನ್ರೀ?”

“ಏನಿಲ್ಲ. ಊಟ ಆಯ್ತಾ?”

“ಆಯ್ತು. ನಿಮ್ದು?”

“ಹೂಂ.”

ತಂತಿಯ ಆ ತುದಿಯಲ್ಲಿ ಕುಕ್ಕರೋ ಕೆಟಲ್ಲೋ ಉಸ್ಸೆನ್ನುತ್ತಿತ್ತು.

“ಸಂಜೆ ಲೈಬ್ರರಿನಾ?”

“ಶುಕ್ರವಾರ ಅಲ್ವಾ.” ಉಸ್ಸೆನ್ನುವುದು ನಿಂತಿತು. “ಯಾಕೆ, ಏನಾದ್ರೂ ಬೇಕಿತ್ತಾ?”

“ಇಲ್ಲ, ಸುಮ್ನೆ.”

“ಸರಿ ಹಾಗಾದ್ರೆ,” ಎಂದಳು. ಆ ‘ಸರಿ’ಯ ಸ್ಥಾಯಿ ಎಷ್ಟು ಎಂದು ಅವನ ಕಿವಿ ತನ್ನಷ್ಟಕ್ಕೆ ಅಳೆಯಿತು. ಅಳೆದದ್ದಕ್ಕೆ ಅವನಿಗೆ ನಾಚಿಕೆಯಾಯಿತು.

ಕೋಣೆಯ ಬಾಗಿಲು ಹಾಕಿಕೊಂಡು ತಟ್ಟೆಯನ್ನು ಪೀಠದ ಮೇಲಿಟ್ಟ. ಬಳಪದ ಚುಕ್ಕೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ. ಮುಳ್ಳನ್ನು ಎತ್ತಿ ಹಿಡಿದ. ಆಗ ಅಡುಗೆಮನೆ ನೆನಪಾಯಿತು.

ಮದುವೆಯಾದ ಹೊಸತು. ಅವಳು ಬೆನ್ನು ತಿರುಗಿಸಿ ತರಕಾರಿ ಹೆಚ್ಚುತ್ತ ಏನೋ ಗುನುಗುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಕೇಳಿ, ಪ್ರೀತಿಯಿಂದಲೇ, “ಅಲ್ಲಿ ಒಂದೆಳೆ ಶ್ರುತಿ ಇಳೀತಲ್ಲ,” ಎಂದಿದ್ದ. ಅವಳು ತಿರುಗಿ ನೋಡಿ ನಕ್ಕಿದ್ದಳು. “ಹೌದಾ?” ಎಂದಿದ್ದಳು. ಅಷ್ಟೇ. ಜಗಳವಿಲ್ಲ, ಮುನಿಸಿಲ್ಲ. ಆಮೇಲೆ ಅವಳು ಮನೆಯಲ್ಲಿ ಹಾಡಿದ್ದುಂಟೆ? ಅವನು ನೆನಪನ್ನು ವರ್ಷವರ್ಷವಾಗಿ ಕೆದಕಿದ. ಮಿಕ್ಸಿ, ನಲ್ಲಿ, ಹೊಲಿಗೆ ಯಂತ್ರ, ಕೆಮ್ಮು, ಬಾಗಿಲು, ಎಲ್ಲ ಕೇಳಿಸಿತು. ಹಾಡು ಮಾತ್ರ ಇಲ್ಲ. ಮತ್ತು ಅವತ್ತು ಶ್ರುತಿ ಇಳಿದದ್ದು ನಿಜವೇ ಆಗಿತ್ತು. ಅವನು ತಪ್ಪು ಹೇಳಿರಲಿಲ್ಲ.

ಈಗ ಮುಳ್ಳು ಚುಕ್ಕೆಯ ಮೇಲೆ ಗೋಧಿಕಾಳಿನಷ್ಟು ಎತ್ತರದಲ್ಲಿತ್ತು. ಇಳಿಸಿದರೆ ಹಾಡು ಬರುತ್ತದೆ. ಪಕ್ಕದಲ್ಲಿ ಹಾಳೆ ಇದೆ: ಕರಕರ, ಸೀಟಿ, ಓಲಾಟ, ಜಿಗಿತ. ಹಾಡು ಚೆನ್ನಾಗಿದ್ದರೆ ತಾನು ಇಷ್ಟು ವರ್ಷ ಏನನ್ನು ಕಳೆದುಕೊಂಡೆ ಎಂದು ಆರು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ಚೆನ್ನಾಗಿಲ್ಲದಿದ್ದರೆ, ಎಲ್ಲೋ ಒಂದೆಳೆ ಇಳಿದಿದ್ದರೆ, ಅದು ತನ್ನ ಕಿವಿಗೆ ಬಿದ್ದೇ ಬೀಳುತ್ತದೆ. ಎರಡರಲ್ಲಿ ಯಾವುದಕ್ಕೆ ಹೆದರುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ. ಊರವರೆಲ್ಲ ಮುಂಬಾಗಿಲಿನಿಂದ ಹೋಗಿ ಬಂದ ಮನೆಯ ಗೋಡೆಗೆ ತಾನು ಕಿವಿ ಹಚ್ಚಿ ನಿಂತಂತೆ ಅನ್ನಿಸಿತು.

ಮುಳ್ಳನ್ನು ಅದರ ಗೂಟಕ್ಕೆ ವಾಪಸು ಇಟ್ಟ. ಬೆರಳಿಗೆ ಎಂಜಲು ಹಚ್ಚಿ ಬಳಪದ ಚುಕ್ಕೆಯನ್ನು ಒರೆಸಿದ.

ಆಮೇಲೆ ಮೂರನೆಯ ಕಾಲಮ್ಮಿನಲ್ಲಿ ದೋಷಗಳಿಗೆಲ್ಲ ಒಂದೊಂದಾಗಿ ಅಡ್ಡಗೆರೆ ಎಳೆದ. ಕರಕರ ಇಲ್ಲ. ಸೀಟಿ ಇಲ್ಲ. ಓಲಾಟ ಇಲ್ಲ. ಜಿಗಿತ ಇಲ್ಲ. ‘ಸರಿ ಇದೆ’ ಎಂದು ಬರೆದು ಸಹಿ ಹಾಕಿದ. ಹದಿನಾರು ವರ್ಷಗಳಲ್ಲಿ ಕೇಳದೆ ಹಾಕಿದ ಮೊದಲ ಸಹಿ. ಅಕ್ಷರ ಎಂದಿಗಿಂತ ದುಂಡಗೆ ಬಂತು.

“ಹೇಗಿದೆ?” ಎಂದರು ಭಾವ, ಹಾಳೆ ತೆಗೆದುಕೊಳ್ಳುತ್ತ. ಅವರ ಕಣ್ಣಲ್ಲಿ ಇದ್ದದ್ದು ತಟ್ಟೆಯ ಬಗೆಗಿನ ಆತಂಕವಾಗಿರಲಿಲ್ಲ.

“ಅದ್ಭುತ,” ಎಂದ. “ನಿಮ್ಮ ಹಾಗೆ ಕೊರೆಯೋರು ಇನ್ನೊಬ್ಬರಿಲ್ಲ ಭಾವ.”

ಅದು ನಿಜ. ಮನಸಾರೆ ಹೇಳಿದ್ದು. ಭಾವ ಇನ್ನೇನನ್ನೋ ಕಾಯುತ್ತಿದ್ದರು. ತಲೆಯಾಡಿಸಿ, ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಸಂಜೆ ಅವನ ಕಾಲುಗಳು ಮನೆಯ ಕಡೆ ತಿರುಗಲಿಲ್ಲ. ಚಳಿ ಬಿದ್ದಿತ್ತು. ಲೈಬ್ರರಿಯ ಪಕ್ಕದ ಓಣಿಯಲ್ಲಿ ಸೈಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿದ್ದವು. ಹಿಂದಿನ ಹಾಲಿನ ಬಾಗಿಲು ದಪ್ಪನೆಯದು, ಒಳಗಿನ ಸದ್ದು ಹೊರಗೆ ಬಾರದಂತೆ ಮೆತ್ತೆ ಹೊಡೆದದ್ದು. ಕಣ್ಣಿನ ಎತ್ತರಕ್ಕೆ ಅಂಗೈಯಗಲದ ಗಾಜು. ಅವನು ಅದರೊಳಗೆ ನೋಡಿದ.

ಮೂವತ್ತು ಬಾಯಿಗಳು ತೆರೆದಿದ್ದವು. ಎರಡನೆಯ ಸಾಲಿನಲ್ಲಿ, ಎಡಕ್ಕೆ, ಅವಳು. ಮನೆಯಲ್ಲಿ ಉಡುವ ಅದೇ ನೀಲಿ ಸೀರೆ. ಕತ್ತು ಸ್ವಲ್ಪ ಎತ್ತಿದ್ದಳು. ಹುಬ್ಬುಗಳ ನಡುವಿನ ಗಂಟು, ಹುಟ್ಟಿನಿಂದ ಬಂದದ್ದು ಎಂದು ಅವನು ತಿಳಿದಿದ್ದ ಆ ಗಂಟು, ಇರಲಿಲ್ಲ. ಬಳಿಕ ಉಳಿದವರೆಲ್ಲ ಒಮ್ಮೆಗೆ ಬಾಯಿ ಮುಚ್ಚಿದರು. ಅವಳೊಬ್ಬಳದು ತೆರೆದೇ ಇತ್ತು. ಎಲ್ಲರೂ ಅವಳ ಕಡೆ ತಿರುಗಿದ್ದರು. ಎಷ್ಟು ಚೆಲುವೆ ಎಂದು ಅವನಿಗೆ ಅನ್ನಿಸಿತು. ಯಾರದೋ ಹೆಂಡತಿಯನ್ನು ನೋಡಿ ಅನ್ನಿಸುವ ಹಾಗೆ.

“ಒಳಗೆ ಹೋಗೋದಾದ್ರೆ ಹೋಗಿ ಸಾರ್, ತಳ್ಳಿದ್ರೆ ಸಾಕು,” ಎಂದ ಬಾಗಿಲ ಪಕ್ಕ ಸ್ಟೂಲಿನ ಮೇಲಿದ್ದ ಕಾವಲಿನವನು.

“ಬೇಡ. ಮನೆಯವರು ಇದಾರೆ. ಕಾಯ್ತೀನಿ.”

“ಯಾರು?”

ಅವನು ಗಾಜಿನತ್ತ ಬೆರಳು ಮಾಡಿದ. ಕಾವಲಿನವನು ಎದ್ದು ಇಣುಕಿದ.

“ಓ, ಅವರಾ! ಅವರ ಯಜಮಾನ್ರಾ ನೀವು? ಪುಣ್ಯವಂತರು ಬಿಡಿ ಸಾರ್. ನಾವು ವಾರವೆಲ್ಲ ಕಾಯ್ಬೇಕು. ನಿಮಗೇನು, ಮನೇಲೇ ಕೇಳಬಹುದು.”

“ಹೌದು,” ಎಂದ ಅವನು.

ಇನ್ನೂ ಹತ್ತಿರ ಸರಿದ. ಹಣೆ ಗಾಜಿಗೆ ತಾಗಿತು. ಅವನ ಉಸಿರಿಗೆ ಗಾಜು ಕೆಳಗಿನಿಂದ ಮಂಜಾಗತೊಡಗಿತು. ಮೊದಲು ಮುಂದಿನ ಸಾಲು ಅಳಿಸಿತು, ಆಮೇಲೆ ನೀಲಿ ಸೀರೆ, ಆಮೇಲೆ ಅವಳ ಗದ್ದ. ಅವನು ಒರೆಸಲು ಕೈ ಎತ್ತಲಿಲ್ಲ. ಉಸಿರು ಬಿಗಿಹಿಡಿಯಲೂ ಇಲ್ಲ. ತೆರೆದ ಬಾಯಿ ಇನ್ನೊಂದಿಷ್ಟು ಹೊತ್ತು ಕಪ್ಪಗೆ ಕಂಡಿತು. ಆಮೇಲೆ ಗಾಜಿನ ತುಂಬ ಅವನ ಉಸಿರೇ ಇತ್ತು.