ಒಗ್ರೆ

ಅಜ್ಜಂಪುರದ ಹೈಸ್ಕೂಲಿಗೆ ವರ್ಗವಾಗಿ ಬಂದ ಹೊಸತು. ಇಂಗ್ಲಿಷ್ ಮೇಡಂ ಶಾಂಭವಿ ಒಂಬತ್ತನೇ ತರಗತಿಗೆ ಸಮಾನಾರ್ಥಕ ಪದಗಳನ್ನು ಹೇಳಿಕೊಡುತ್ತಿದ್ದಳು. ಪಾಠದಲ್ಲೊಂದು ರಾಕ್ಷಸನ ಕಥೆ ಬಂದಿತ್ತು. ಬೋರ್ಡಿನ ಮೇಲೆ 'ಮಾನ್‌ಸ್ಟರ್' ಎಂದು ಬರೆದು, "ಇದಕ್ಕೆ ಇಂಗ್ಲಿಷಿನಲ್ಲಿ ಬೇರೆ ಯಾವ್ಯಾವ ಪದ ಗೊತ್ತು, ಹೇಳಿ ನೋಡೋಣ" ಎಂದಳು. ಒಬ್ಬ 'ಡೆವಿಲ್' ಅಂದ. ಇನ್ನೊಬ್ಬ 'ಗೋಸ್ಟ್' ಅಂದ. ಅದು ದೆವ್ವ ಕಣೋ, ರಾಕ್ಷಸ ಅಲ್ಲ ಎಂದು ಪಕ್ಕದವನೇ ತಿದ್ದಿದ.

ಕಿಟಕಿಯ ಪಕ್ಕ ಕೂತಿದ್ದ ವಿದ್ಯಾಶ್ರೀ ಎದ್ದು ನಿಂತಳು. ಅಂತರಘಟ್ಟೆಯಿಂದ ಬರುವ ಹುಡುಗಿ, ಮಾತು ಕಡಿಮೆ. ಮಗ್ಗಿ ಒಪ್ಪಿಸುವವಳಂತೆ, "ಡೀಮನ್, ಜೈಂಟ್, ಬೀಸ್ಟ್, ಬ್ರೂಟ್, ಫೀಂಡ್" ಎಂದು ಒಂದೇ ಉಸಿರಿಗೆ ಹೇಳಿ, ಕೊನೆಗೆ "ಒಗ್ರೆ" ಎಂದಳು.

ತರಗತಿ ಗೊಳ್ಳೆಂದಿತು. "ಒಗ್ರೆ ಅಲ್ಲ ಕಣೇ, ಒಗ್ಗರಣೆ!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು.

ಶಾಂಭವಿಗೆ ನಗು ಬರಲಿಲ್ಲ. "ಯಾರು ಹೇಳ್ಕೊಟ್ಟಿದ್ದು?"

"ನಮ್ಮಪ್ಪ, ಮಿಸ್. ನಾಟಕದಲ್ಲಿ ರಾಕ್ಷಸನ ಪಾರ್ಟ್ ಮಾಡ್ತಿದ್ರು."

"ಹೆಸರು?"

"ಉಗ್ರಪ್ಪ. ಸಿಂಗಟಗೆರೆ ಕಡೆಯವ್ರು. ಮದುವೆ ಆದ್ಮೇಲೆ ನಮ್ಮಮ್ಮನ ಊರಿಗೆ ಬಂದ್ರು."

ಗಂಟೆ ಹೊಡೆಯಿತು. ತಿದ್ದಬೇಕಾದದ್ದನ್ನು ತಿದ್ದದೆಯೇ ಶಾಂಭವಿ ಹೊರಗೆ ಬಂದುಬಿಟ್ಟಳು. ಉಗ್ರಪ್ಪನಿಗೆ ಆ ಪದವನ್ನು ಹಾಗೆ ಹೇಳಿಕೊಟ್ಟವಳು ಅವಳೇ.

ಆಗ ಶಾಂಭವಿಯ ಅಪ್ಪ ಷಣ್ಮುಖಪ್ಪನವರದು ಸಿಂಗಟಗೆರೆಯಲ್ಲಿ ಕೊಬ್ಬರಿ ಮಂಡಿ. ಅವಳು ದಿನವೂ ಬಸ್ಸಿನಲ್ಲಿ ಕಡೂರಿನ ಕಾಲೇಜಿಗೆ ಹೋಗುತ್ತಿದ್ದಳು. ಅದೇ ಬಸ್ಸಿಗೆ ಉಗ್ರಪ್ಪನೂ ಬರುತ್ತಿದ್ದ. ರಾಗಿ ಬೆಳೆಯುವವರ ಮನೆಯ ಹುಡುಗ, ಅಗಲ ಭುಜ, ಊರೆಲ್ಲ ಕೇಳುವಂಥ ಗಂಟಲು. ಪಿಯುಸಿಯ ಇಂಗ್ಲಿಷ್ ಮಾತ್ರ ಅವನಿಗೆ ಜಗ್ಗುತ್ತಿರಲಿಲ್ಲ. "ಒಂಚೂರು ಹೇಳ್ಕೊಡೇ ಶಾಂಭವಿ. ಈ ಸಲಾನೂ ಡುಮ್ಕಿ ಹೊಡುದ್ರೆ ನಮ್ಮಪ್ಪ ನೇಗ್ಲು ಕೈಗೆ ಕೊಡ್ತಾನೆ" ಎಂದು ಬೇಡಿಕೊಂಡಿದ್ದ.

ಎಷ್ಟು ಹೇಳಿದರೂ ಪದಗಳು ಅವನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಅವಳು, "ನಿಂಗೆ ಯಾವುದು ಇಷ್ಟ ಹೇಳು, ಅಲ್ಲಿಂದಾನೇ ಶುರು ಮಾಡೋಣ" ಎಂದಳು.

"ರಾಕ್ಷಸನ ಪಾರ್ಟು" ಎಂದ.

ಸರಿ, ದಿನಕ್ಕೊಂದು ರಾಕ್ಷಸ. ಅವಳು ಪದ ಹೇಳುವುದು, ಅವನು ಫುಟ್‌ಬೋರ್ಡಿನ ಬಳಿ ನಿಂತು ಅದನ್ನು ಆಡಿ ತೋರಿಸುವುದು. ಜೈಂಟ್ ಆಗಲು ಹೋಗಿ ಬಸ್ಸಿನ ಸೂರಿಗೆ ತಲೆ ಚಚ್ಚಿಕೊಂಡ. ಫೀಂಡ್‌ಗೆ ಕಣ್ಣು ಕೆಕ್ಕರಿಸಿದ್ದು ನೋಡಿ ಕಂಡಕ್ಟರು ಟಿಕೆಟ್ ಹರಿಯುವುದನ್ನೇ ಮರೆತ. ಒಂದು ದಿನ ನಿಘಂಟಿನಲ್ಲಿ ಅವಳಿಗೆ ಹೊಸದೊಂದು ಸಿಕ್ಕಿತು. ಹೇಗೆ ಉಚ್ಚರಿಸಬೇಕೆಂದು ಹೇಳುವವರಿಲ್ಲ. ಅಕ್ಷರ ಕೂಡಿಸಿ 'ಒಗ್ರೆ' ಎಂದು ಓದಿಕೊಂಡಳು. "ನೋಡೋ, ನಿನ್ನ ಹೆಸರೇ ಇದೆ ಇಂಗ್ಲಿಷಲ್ಲಿ! ಉಗ್ರಪ್ಪ, ಒಗ್ರೆ!" ಅವನು ಹಿಗ್ಗಿ ಘರ್ಜಿಸಿದ ಸದ್ದಿಗೆ ಸಂತೆಗೆ ಹೊರಟಿದ್ದ ಅಜ್ಜಿಯೊಬ್ಬಳ ಕೋಳಿಗಳೆಲ್ಲ ಬುಟ್ಟಿಯಿಂದ ಹಾರಿಬಿದ್ದವು.

ಅವನು ಏನನ್ನೂ ಕೇಳಲಿಲ್ಲ, ಅವಳು ಏನನ್ನೂ ಹೇಳಲಿಲ್ಲ. ಆದರೆ ಬೆಳಿಗ್ಗೆ ಬಸ್‌ಸ್ಟಾಪಿನಲ್ಲಿ ಅವನು ಕಾಣದಿದ್ದರೆ ಅವಳಿಗೆ ಅವತ್ತಿನ ಅನ್ನ ರುಚಿಸುತ್ತಿರಲಿಲ್ಲ.

ಯಾರೋ ಮಂಡಿಗೆ ಸುದ್ದಿ ಮುಟ್ಟಿಸಿದರು. ಷಣ್ಮುಖಪ್ಪನವರು ಬೈಯಲಿಲ್ಲ. ಊಟಕ್ಕೆ ಕೂತಾಗ, "ನಾಳೆಯಿಂದ ದಾವಣಗೆರೇಲಿ ಓದವ್ವ. ನಿಮ್ ಚಿಕ್ಕಪ್ಪನ ಮನೆ ಐತಲ್ಲ" ಎಂದರು, ಅಷ್ಟೆ. ಬೆಳಗಾಗುವುದರೊಳಗೆ ಅವಳ ಟ್ರಂಕು ಕಾರಿನಲ್ಲಿತ್ತು.

ಆಮೇಲೆ ಬಿ.ಎಡ್., ನೌಕರಿ, ತರೀಕೆರೆಯ ಹಾರ್ಡ್‌ವೇರ್ ಅಂಗಡಿಯ ರುದ್ರಮೂರ್ತಿಯೊಂದಿಗೆ ಮದುವೆ. ಒಳ್ಳೆಯ ಮನುಷ್ಯ, ಮೆಲುಮಾತಿನವನು, ಹೆಂಡತಿಗೆ ಒಂದು ದಿನವೂ ಗದರಿದವನಲ್ಲ. ಆದರೂ ಎಲ್ಲಾದರೂ ನಾಟಕದ ಹಾರ್ಮೋನಿಯಂ ಕೇಳಿದರೆ ಶಾಂಭವಿ ನಿಂತುಬಿಡುತ್ತಿದ್ದಳು, ರಾಕ್ಷಸ ರಂಗಕ್ಕೆ ಬರುವವರೆಗೂ. ಬಂದವನ ದನಿ ಯಾವತ್ತೂ ಬೇರೆಯವರದಾಗಿರುತ್ತಿತ್ತು.

ಅಜ್ಜಂಪುರದ ಶಾಲೆಯಲ್ಲಿ ಪೋಷಕರ ಸಭೆಯ ದಿನ ಅವಳು ಎರಡು ಸಲ ಸೀರೆ ಬದಲಾಯಿಸಿದಳು. "ಯಾರಾದ್ರೂ ಆಫೀಸರ್ ಬರ್ತಾರಾ?" ಎಂದು ರುದ್ರಮೂರ್ತಿ ಕೇಳಿದ. ಇಲ್ಲ ಎಂದು ಬಸ್ಸು ಹತ್ತಿದಳು.

ಮಧ್ಯಾಹ್ನ ಹೆಂಗಸೊಬ್ಬಳು ವಿದ್ಯಾಶ್ರೀಯ ಕೈಹಿಡಿದು ಒಳಗೆ ಬಂದಳು. ಹಿಂದೆ ಅಗಲ ಭುಜದ, ನರೆಗೂದಲಿನ ಗಂಡಸು. ಕೊರಳಿಗೆ ಟವೆಲ್ ಸುತ್ತಿತ್ತು.

"ನಾನು ಕಾಶಮ್ಮ, ಇವ್ಳ ತಾಯಿ" ಎಂದಳು ಹೆಂಗಸು. "ಇವ್ರು ಜಾಸ್ತಿ ಮಾತಾಡಂಗಿಲ್ಲ ಮಿಸ್. ಹ್ವಾದ ವರ್ಷ ಗಂಟ್ಲು ಆಪರೇಷನ್ ಆಯ್ತು. ಉಸುರು ಬತ್ತದೆ, ಸದ್ದು ಬರಾಕಿಲ್ಲ. ಹೆಂಗ್ ಕೂಗೋ ಮನುಷ್ಯ! ಈಗ ಮನೆ ಬಿಕೋ ಅಂತೈತೆ ಕಣ್ರೀ." ಮಾತಾಡುತ್ತಲೇ ಗಂಡನ ಟವೆಲ್ ಸರಿಮಾಡಿದಳು. ಆ ಕೈಯಲ್ಲಿದ್ದ ಅಕ್ಕರೆ ಕಂಡು ಶಾಂಭವಿಗೆ ಸಮಾಧಾನವೂ ಆಯಿತು, ಒಳಗೆಲ್ಲೋ ಚುಳ್ಳೆಂದಿತು ಕೂಡ.

ಮಗಳ ಲೆಕ್ಕದ ಮೇಷ್ಟ್ರನ್ನು ಕಂಡು ಬರುತ್ತೇನೆಂದು ಕಾಶಮ್ಮ ಹುಡುಗಿಯನ್ನು ಕರೆದುಕೊಂಡು ಹೋದಳು. ಇಬ್ಬರೇ ಉಳಿದರು.

"ಚೆನ್ನಾಗಿದ್ದೀರಾ?" ಎಂದ ಉಗ್ರಪ್ಪ. ಒಣಗಿದ ಎಲೆ ಸರಿದ ಹಾಗಿತ್ತು. ಬಸ್ಸಿನಲ್ಲಿ ನೀನು ಎನ್ನುತ್ತಿದ್ದವನು ಈಗ ಬಹುವಚನ ಹಚ್ಚಿದ್ದ.

"ಚೆನ್ನಾಗಿದ್ದೀನಿ. ಅವತ್ತು ಹೇಳದೇ ಹೋಗ್ಬಿಟ್ಟೆ."

"ಗೊತ್ತಾಯ್ತು ಬಿಡಿ. ಮಂಡಿ ಆಳು ಬಂದು ಹೇಳ್ದ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ.

ಕೇಳಬೇಕೆಂದುಕೊಂಡಿದ್ದ ಎಷ್ಟೋ ಮಾತುಗಳನ್ನು ಬಿಟ್ಟು ಶಾಂಭವಿ, "ನಾನು ಒಂದು ಪದ ತಪ್ಪು ಹೇಳ್ಕೊಟ್ಟಿದ್ದೆ. ಅದು ಒಗ್ರೆ ಅಲ್ಲ. ಓಗರ್" ಎಂದಳು.

ಅವನ ಕಣ್ಣಲ್ಲಿ ನಗು ಮೂಡಿತು. "ಗೊತ್ತು. ಮಗು ಚಿಕ್ಕದಿದ್ದಾಗ ಟೀವೀಲಿ ಯಾವ್ದೋ ಕಾರ್ಟೂನ್ ಬತ್ತಿತ್ತು. ಅದ್ರಲ್ಲಿ ಹಂಗಂದ್ರು."

"ಮತ್ಯಾಕೆ ಹಂಗೇ ಹೇಳ್ಕೊಟ್ರಿ ಅವಳಿಗೆ?"

"ಬದ್ಲಾಯ್ಸಕ್ಕೆ ಮನಸ್ಸು ಬರ್ಲಿಲ್ಲ."

ಹೊರಗೆ ಹುಡುಗರ ಗದ್ದಲ.

"ಅವ್ಳಿಗೆ ನೀವು ಸರಿಯಾದ್ದೇ ಹೇಳ್ಕೊಡಿ. ಪರೀಕ್ಷೆ ಐತೆ" ಎಂದ ಅವನು, ಅದೇ ಪಿಸುದನಿಯಲ್ಲಿ. "ನಂದು ಹಿಂಗೇ ಇರ್ಲಿ."

ಕಾಶಮ್ಮ ಬಂದಳು. ಲೆಕ್ಕದಲ್ಲಿ ಪರವಾಗಿಲ್ಲವಂತೆ. ಹೊರಡುವಾಗ ಉಗ್ರಪ್ಪ ಕೈ ಮುಗಿದ, ಶಾಂಭವಿಯೂ ಮುಗಿದಳು. ಗೇಟಿನಾಚೆ ಟ್ರ್ಯಾಕ್ಟರೊಂದು ಬಂತೆಂದು ಕಾಶಮ್ಮ ಗಂಡನ ತೋಳು ಹಿಡಿದು ನಿಲ್ಲಿಸಿದಳು. ಅದು ಹೋದ ಮೇಲೆ ಮೂವರೂ ರಸ್ತೆ ದಾಟಿದರು.

ಸಂಜೆ ತರೀಕೆರೆಯಲ್ಲಿ ಬಸ್ಸಿಳಿದಾಗ ರುದ್ರಮೂರ್ತಿ ಸ್ಕೂಟರ್ ನಿಲ್ಲಿಸಿಕೊಂಡು ಕಾದಿದ್ದ. ಹೆಂಡತಿಯ ಮುಖ ನೋಡಿ, ಅವಳ ಬ್ಯಾಗು ತೆಗೆದುಕೊಂಡು ಸ್ಕೂಟರಿನ ಮುಂದಕ್ಕೆ ಇಟ್ಟುಕೊಂಡ. ಅವಳು ಹಿಂದೆ ಕೂತಳು. ಸ್ವಲ್ಪ ದೂರ ಹೋದ ಮೇಲೆ, "ಏನಾದ್ರೂ ಮಾತಾಡ್ರೀ" ಎಂದಳು.

"ಏನ್ ಮಾತಾಡ್ಲಿ?"

"ಏನಾದ್ರೂ. ಸ್ವಲ್ಪ ಜೋರಾಗಿ."

ಅವನು ಅಂಗಡಿಗೆ ಬಂದ ಪೈಪಿನ ಲೋಡಿನ ಕಥೆಯನ್ನು ಗಾಳಿಗೆ ಎದುರಾಗಿ ಕೂಗಿ ಕೂಗಿ ಹೇಳತೊಡಗಿದ. ಎದುರಿಗೆ ಬರುವವರು ತಿರುಗಿ ನೋಡುತ್ತಿದ್ದರು. ಶಾಂಭವಿ ಅವನ ಬೆನ್ನಿಗೆ ಕಿವಿಯೊತ್ತಿ, ಮನೆ ಬರುವವರೆಗೂ ಕೇಳುತ್ತಾ ಹೋದಳು.